ಜೀನ್ ಪರೀಕ್ಷೆಯ ವರದಿ: ಅಂದಾಜಿಗೆ ಕೆಂಪಕ್ಷರ, ತೀರ್ಮಾನಕ್ಕೆ ಸಣ್ಣಕ್ಷರ

ಜೀನ್ ಪರೀಕ್ಷೆಗೆಂದು ದಾವಣಗೆರೆಯವರು ಈಗ ಬೆಂಗಳೂರಿಗೆ ಹೋಗಬೇಕಾಗಿಲ್ಲ. ರಕ್ತವನ್ನು ಇಲ್ಲಿಯೇ ತೆಗೆದು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುವ ಕೇಂದ್ರಗಳಿವೆ. ತೆಳ್ಳಗಿರುವ, 22 ವರ್ಷದ ನನ್ನ ತಂಗಿಯ ಮಗನ ಖಾಲಿಹೊಟ್ಟೆಯ ಸಕ್ಕರೆ ಮೂರು ವರ್ಷಗಳಿಂದ 115ರಿಂದ 125ರೊಳಗೇ ನಿಂತಿದ್ದು, ತಂಗಿಗೂ ಹೆಚ್ಚುಕಡಿಮೆ ಅಷ್ಟೇ ಇರುವುದನ್ನು ಗಮನಿಸಿದ ಪಿ.ಜೆ. ಬಡಾವಣೆಯ ವೈದ್ಯರು, ಇದು ಒಂದೇ ಜೀನ್‌ನ ದೋಷದಿಂದ ಬರುವ ‘ಮೋಡಿ’ ಎಂಬ ಬಗೆಯ ಮಧುಮೇಹವಿರಬಹುದೆಂದು ಪರೀಕ್ಷೆ ಬರೆದುಕೊಟ್ಟರು.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ್ದು, ಹೇಳಿದ ನಾಲ್ಕು ವಾರದೊಳಗೆ ವರದಿ ಕೊಟ್ಟದ್ದು ಮೆಚ್ಚತಕ್ಕದ್ದೇ. ನನ್ನ ತಕರಾರು ಇರುವುದು ವರದಿಯ ಮೇಲೆ.

ಮೊದಲ ಪುಟದಲ್ಲಿ, ಕೆಟ್ಟರೆ ಮೋಡಿಗೆ ಕಾರಣವಾಗಬಲ್ಲ ಜಿಸಿಕೆ ಎಂಬ ಜೀನ್‌ನ ಒಂದು ರೂಪಾಂತರ (ಬದಲಾವಣೆ), ಅದರ ಪಕ್ಕದಲ್ಲಿ ಕೆಂಪಕ್ಷರದ ‘ಹಾನಿಕಾರಕ’, ಕೆಳಗೆ, ಆ ಬದಲಾವಣೆಯಿಂದ ಜೀನ್ ತಯಾರಿಸುವ ಪ್ರೋಟೀನಿನ ಕೆಲಸ ಕೆಟ್ಟೀತೇ ಎಂದು ಅಂದಾಜಿಸುವ ಎರಡು ಸಾಫ್ಟ್‌ವೇರ್‌ಗಳ ಅಂಕಿಗಳು: ಸಿಫ್ಟ್ 0.01, ಪಾಲಿಫೆನ್-2 0.99. “ಮಾವ, ಒಂದು ಸೊನ್ನೆ ಹತ್ತಿರ ಇದೆ, ಅಂದರೆ ಅರ್ಧ ಒಳ್ಳೇದು ಅಲ್ವಾ?” ಎಂದು ಹುಡುಗ ಕೇಳಿದ. ಸಿಫ್ಟ್‌ನಲ್ಲಿ 0.05ಕ್ಕಿಂತ ಕೆಳಗಿದ್ದರೆ ಕೆಟ್ಟದ್ದು, ಪಾಲಿಫೆನ್‌ನಲ್ಲಿ 1ರ ಸಮೀಪವಿದ್ದರೆ ಕೆಟ್ಟದ್ದು ಎಂಬ ಒಂದು ಸಾಲನ್ನಾದರೂ ಅಚ್ಚು ಹಾಕಿಸಬಹುದಿತ್ತು.

ಕೌಂಟರಿನಲ್ಲಿ ವಿಚಾರಿಸಿದರೆ, “ಎರಡು ಸಾಫ್ಟ್‌ವೇರೂ ಒಂದೇ ಹೇಳಿವೆಯಲ್ಲ ಸರ್” ಎಂಬ ಉತ್ತರ ಬಂತು. ಪ್ರೋಟೀನಿನ ಆ ಜಾಗದಲ್ಲಿರುವ ಅಮೈನೋ ಆಮ್ಲ ಬೇರೆ ಬೇರೆ ಜೀವಿಗಳಲ್ಲಿಯೂ ಬದಲಾಗದೆ ಉಳಿದಿದ್ದರೆ, ಅದು ಬದಲಾದಾಗ ಕೆಲಸ ಕೆಡುವ ಸಂಭವ ಹೆಚ್ಚು ಎಂಬ ತರ್ಕವನ್ನೇ ಎರಡೂ ಮುಖ್ಯವಾಗಿ ನೆಚ್ಚಿಕೊಂಡಿವೆ. ಪಾಲಿಫೆನ್ ಪ್ರೋಟೀನಿನ ಆಕಾರವನ್ನೂ ನೋಡುತ್ತದೆ ಎನ್ನುವುದು ನಿಜವಾದರೂ, ಇವೆರಡರ ಒಮ್ಮತವು ಒಂದೇ ಮನೆಯ ಇಬ್ಬರು ನುಡಿಯುವ ಸಾಕ್ಷಿಯಂತೆ. ಆದ್ದರಿಂದಲೇ ಅಮೆರಿಕದ ತಳಿವೈದ್ಯರು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಇಂಥ ಗಣಕ ಅಂದಾಜುಗಳಿಗೆ ಪೂರಕ ಸಾಕ್ಷ್ಯದ ಸ್ಥಾನವನ್ನಷ್ಟೇ ಕೊಟ್ಟಿತು. ವರದಿ ಬರೆದವರಿಗೂ ಇದು ಗೊತ್ತಿದೆ. ನಾಲ್ಕನೆಯ ಪುಟದ ತಳದಲ್ಲಿ, ಕನ್ನಡಕ ಏರಿಸಿ ಓದಬೇಕಾದ ಅಕ್ಷರಗಳಲ್ಲಿ, ‘ವರ್ಗೀಕರಣ: ಮಹತ್ವ ಅನಿಶ್ಚಿತ’ ಎಂದಿತ್ತು; ಅಂದರೆ ಈ ರೂಪಾಂತರವೇ ಕಾಯಿಲೆಗೆ ಕಾರಣವೋ ಅಲ್ಲವೋ ಈಗಲೇ ಹೇಳಲಾಗದು ಎಂದು.

ಇದು ಬರೀ ಅಚ್ಚಿನ ವಿಷಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಜಿಸಿಕೆ ದೋಷದ ಮಧುಮೇಹವೆಂದು ಖಚಿತವಾದರೆ, ಗರ್ಭಿಣಿಯರ ಮಾತು ಬಿಟ್ಟರೆ, ಸಾಮಾನ್ಯವಾಗಿ ಮಾತ್ರೆಯ ಅಗತ್ಯವೇ ಇರುವುದಿಲ್ಲ. ಕೆಂಪಕ್ಷರವನ್ನು ನಂಬಿ ಹುಡುಗ ಅಂದು ರಾತ್ರಿಯೇ ತನ್ನ ಮಾತ್ರೆಯನ್ನು ಬಿಟ್ಟಿದ್ದ. ವೈದ್ಯರು ಗದರಿ ಮತ್ತೆ ಶುರುಮಾಡಿಸಿದರು, ತಾಯಿಯಲ್ಲಿಯೂ ಇದೇ ರೂಪಾಂತರ ಇದೆಯೇ ಎಂದು ನೋಡೋಣವೆಂದರು. ಆ ಸಲಹೆ ವರದಿಯಲ್ಲಿಯೇ ಇರಬೇಕಿತ್ತು.

ಸೇವೆಗೆ ಐದರಲ್ಲಿ ನಾಲ್ಕು, ವರದಿಗೆ ಎರಡು. ತಂಗಿಯ ರಕ್ತವನ್ನು ಕಳೆದ ಸೋಮವಾರ ಅದೇ ಕೇಂದ್ರದಲ್ಲಿ ಕೊಟ್ಟು ಬಂದಿದ್ದೇವೆ. ಈ ಸಲ ವರದಿಯನ್ನು ನೇರವಾಗಿ ವೈದ್ಯರಿಗೇ ಕಳುಹಿಸಿ ಎಂದು ಬರೆದುಕೊಟ್ಟಿದ್ದೇನೆ.