ಗಿಳಿ ಬಿಳಿಯಲ್ಲ: ಬಣ್ಣ ಕಲಿಸಲು ಓದಿದ ಮೂರು ಪ್ರಾಸದ ಪುಸ್ತಕ

ಮಗಳಿಗೆ ಎರಡು ತುಂಬಿದಾಗ ಮುಂಬೈನ ವಡಾಲಾದ ನಮ್ಮ ಮನೆಯಲ್ಲಿ ಪ್ರಾಣಿ ಪದ್ಯಗಳ ಚಿತ್ರಪುಸ್ತಕ ಎರಡಿದ್ದವು. ಒಂದು ಇಂಗ್ಲಿಷಿನದು, ನಾವೇ ಕೊಂಡದ್ದು. ಇನ್ನೊಂದು ಕನ್ನಡದ್ದು, ಅಣ್ಣ ಬೆಂಗಳೂರಿನಿಂದ ತಂದದ್ದು. ಮೂರನೆಯದನ್ನು ಆಮೇಲೆ ನಾನೇ ಮಾಡಿದೆ. ನಾಲ್ಕು ತಿಂಗಳು ಮೂರನ್ನೂ ಓದಿದ್ದೇವೆ. ಪರೀಕ್ಷೆಗೆ ಕಿಟಕಿ ಗ್ರಿಲ್‌ಗೆ ಸಿಕ್ಕಿಸಿದ ಬಟ್ಟೆ ಕ್ಲಿಪ್ಪುಗಳು. "ಕೆಂಪು ಕ್ಲಿಪ್ ಕೊಡು ಪುಟ್ಟಿ" ಅಂದರೆ ಯಾವುದು ಕೈಗೆ ಬರುತ್ತದೆ, ಅಷ್ಟೇ.

ಇಂಗ್ಲಿಷ್ ಪುಸ್ತಕದ ರಟ್ಟಿನ ಪುಟಗಳು ಬಹಳ ಗಟ್ಟಿ. ಕಚ್ಚಿದರೂ ಹಾಲು ಚೆಲ್ಲಿದರೂ ಏನೂ ಆಗಲಿಲ್ಲ. ಪುಟಕ್ಕೊಂದೇ ಪ್ರಾಣಿ, ಅದೂ ಒಳ್ಳೆಯದೇ. ಆದರೆ ಅದರಲ್ಲಿ ಮೇಕೆ ನೀಲಿ, ನಾಯಿ ನೇರಳೆ. ಕೆಳಗೆ ಹೋದರೆ ನಿಜವಾದ ನಾಯಿ ಕಂದು ಬಣ್ಣದಲ್ಲಿ ಮಲಗಿರುತ್ತದೆ. ಇನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಹೋದರೆ ಪ್ರಾಸವೇ ಉಳಿಯುವುದಿಲ್ಲ.

ಕನ್ನಡದ ಪುಸ್ತಕ ಓದಲು ತುಂಬಾ ಸೊಗಸು. ಮಗಳು ವಾರದಲ್ಲೇ ಬಾಯಿಪಾಠ ಮಾಡಿ ಚಪ್ಪಾಳೆ ತಟ್ಟುತ್ತಾ ಹೇಳುತ್ತಿದ್ದಳು. ನನಗೂ ಖುಷಿ. ಆದರೆ ಕ್ಲಿಪ್ ಕೇಳಿದರೆ ಕೆಂಪಿನ ಬದಲು ಕಪ್ಪು ಬರುತ್ತಿತ್ತು. ಎರಡೂ ಪದ ಒಂದೇ ಪುಟದಲ್ಲಿದ್ದವು, ಕೇಳಲೂ ಹತ್ತಿರ ಹತ್ತಿರ. ಅದಕ್ಕಿಂತ ದೊಡ್ಡ ತೊಡಕು ಗಿಳಿಯದು. ಒಂದು ಸಾಲು ಗಿಳಿಗೆ ಮುಗಿದರೆ ಮುಂದಿನದು ಬಿಳಿಗೆ ಮುಗಿಯುತ್ತದೆ. ಬಿಳಿ ಇರುವುದು ಪಕ್ಕದ ಕೊಕ್ಕರೆ, ಆದರೆ ಮಗುವಿನ ಕಿವಿಗೆ ಅಂಟಿದ್ದು ಗಿಳಿ-ಬಿಳಿ. ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಕೇಳಿದರು: "ಗಿಳಿ ಎಲ್ಲಾದ್ರೂ ಬಿಳಿ ಇರ್ತದೇನವಾ?" ಪ್ರಾಸ ಮಕ್ಕಳಿಗೆ ಬರೀ ಸದ್ದಲ್ಲ. ಯಾವುದಕ್ಕೆ ಯಾವುದು ಜೋಡಿ ಅಂತ ಅದೇ ಹೇಳಿಕೊಡುತ್ತದೆ.

ಆಗ ನೆನಪಾದದ್ದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈಕೆಲ್ ರಾಮ್‌ಸ್ಕರ್ ಮತ್ತು ಜೊತೆಗಾರರು ಎರಡು ವರ್ಷದ ಮಕ್ಕಳೊಂದಿಗೆ ನಡೆಸಿದ್ದು. ಬಣ್ಣದ ಹೆಸರು ವಸ್ತುವಿನ ಹೆಸರಿಗಿಂತ ಮೊದಲು ಬಂದರೆ ಮಕ್ಕಳಿಗೆ ಕಷ್ಟ, ನಂತರ ಬಂದರೆ ಸುಲಭ. ಮೊದಲು ಗೊತ್ತಿರುವ ವಸ್ತುವಿನ ಮೇಲೆ ಕಣ್ಣು ನಿಲ್ಲಬೇಕು, ಆಮೇಲೆ ಬಣ್ಣ. ಮೊದಲಿನ ಎರಡೂ ಪುಸ್ತಕಗಳಲ್ಲಿ ಹೆಚ್ಚಾಗಿ ಬಣ್ಣವೇ ಮುಂದಿತ್ತು. ಹಸಿರು ಗಿಳಿ, ನೀಲಿ ಮೇಕೆ, ಹೀಗೆ. ಕನ್ನಡದಲ್ಲಿ ಇದನ್ನು ತಿರುಗಿಸುವುದು ಎಷ್ಟು ಸುಲಭ ನೋಡಿ. "ಗಿಳಿ ಹಸಿರು." ಕ್ರಿಯಾಪದವೂ ಬೇಡ, ವಾಕ್ಯ ಮುಗಿಯಿತು. ಪ್ರಾಸವೂ ಬಣ್ಣದ ಮೇಲೆಯೇ ಬೀಳುತ್ತದೆ.

ಹಾಗಾಗಿ ದಪ್ಪ ಡ್ರಾಯಿಂಗ್ ಹಾಳೆ ತಂದು, ಫೋಟೋ ಅಂಟಿಸಿ, ನಾನೇ ಬರೆದೆ.

ಕಾಗೆಗೆ ಬೇಕು ಅನ್ನ ಉಪ್ಪು,
ಕಾಗೆಯ ಮೈ ಕಪ್ಪೋ ಕಪ್ಪು.

ಮರದ ತುಂಬ ಎಲೆ ಚಿಗುರು,
ಗಿಳಿಯ ರೆಕ್ಕೆ ಪೂರಾ ಹಸಿರು.

ಕೋಳಿಯ ಕೂಗು ಕಿವಿಗೆ ಇಂಪು,
ಕೋಳಿಯ ಜುಟ್ಟು ಕೆಂಪೋ ಕೆಂಪು.

ಕಪ್ಪು ಮುಗಿದು ಹತ್ತು ದಿನ ಆದ ಮೇಲೆಯೇ ಕೆಂಪು ತಂದೆ. ಕಾಗೆಯಂತೂ ದಿನಾ ಕಿಟಕಿಗೆ ಬರುತ್ತದೆ, ಹಾಗಾಗಿ ಕಪ್ಪು ಮೊದಲು ಕೂತಿತು. ಕೆಳಮನೆಯ ಆಜಿ ಅದನ್ನೇ ಮರಾಠಿಯಲ್ಲಿ "ಕಾಳಾ" ಅಂದರೂ ಮಗಳಿಗೆ ಗೊಂದಲ ಆಗಲಿಲ್ಲ. ಈಗ ಕಪ್ಪು, ಹಸಿರು, ಕೆಂಪು ಕ್ಲಿಪ್ ಕೇಳಿದರೆ ಸರಿಯಾಗಿ ಬರುತ್ತವೆ. ಕಿತ್ತಳೆ, ನೇರಳೆಗೆ ಮಾತ್ರ ಪ್ರಾಣಿ ಹುಡುಕಬೇಡಿ. ಹಣ್ಣಿನ ಹೆಸರೇ ಬಣ್ಣದ ಹೆಸರು, ಹಣ್ಣನ್ನೇ ಕೈಗೆ ಕೊಡಿ.

ನನ್ನ ಪುಸ್ತಕ ಹರಿಯುತ್ತದೆ, ಅದು ನಿಜವಾದ ಕೊರತೆ. ಎರಡು ಪುಟ ಆಗಲೇ ಹೋಗಿವೆ. ಬರೆಯಲು ಹೊತ್ತಿಲ್ಲದವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಮುದ್ರಿಸಿಕೊಂಡು ಓದುವಾಗ ಬಣ್ಣದ ಪದವನ್ನು ಬಾಯಲ್ಲೇ ಪ್ರಾಣಿಯ ಹೆಸರಿನ ನಂತರಕ್ಕೆ ಹಾಕಿದರಾಯಿತು.

ಗುಲಾಬಿ ಬಣ್ಣ ಕಲಿಸಲು ಫೆಬ್ರವರಿಯಲ್ಲಿ ಶಿವ್ಡಿಯ ಸಮುದ್ರ ದಡಕ್ಕೆ ಹೋದೆವು. ನಮ್ಮಲ್ಲಿಂದ ರೈಲಿನಲ್ಲಿ ಒಂದೇ ಸ್ಟೇಷನ್. ಸಮುದ್ರದ ಉಬ್ಬರದ ಹೊತ್ತಿಗೆ ಫ್ಲೆಮಿಂಗೋಗಳು ದಡದ ಹತ್ತಿರ ಬಂದಿದ್ದವು. "ಹಕ್ಕಿ ಗುಲಾಬಿ" ಎಂದೆ. ಮಗಳು ಒಂದನ್ನು ತೋರಿಸಿ "ಅದು ಅಲ್ಲ" ಎಂದಳು. ಅವಳು ಹೇಳಿದ್ದೇ ಸರಿ. ಎಳೆಯ ಫ್ಲೆಮಿಂಗೋ ಬೂದು ಇರುತ್ತದೆ, ತಿನ್ನುವ ಪಾಚಿ, ಸಿಗಡಿಗಳಿಂದ ನಿಧಾನಕ್ಕೆ ಗುಲಾಬಿ ಆಗುತ್ತದೆ. ಆ ಪುಟದಲ್ಲಿ ಈಗ ಎರಡು ಹಕ್ಕಿ ಅಂಟಿಸಿದ್ದೇನೆ.