ಕಡಿಮೆ ದುಡ್ಡಿಗೆ ಒಳ್ಳೆಯ ಪೈಪು: ಚಿಕ್ಕಮಗಳೂರು, ಹಾಸನದ ಕಡೆ ಏನು ಕೊಳ್ಳಬಹುದು, ಏನು ಬೇಡ

ಚಿಕ್ಕಮಗಳೂರಿನಲ್ಲಿ ತಂಬಾಕಿನ ಪೈಪು ಹುಡುಕಿ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಪ್ರವಾಸಿಗರಿಗೆಂದು ಇಟ್ಟ ಗಿಫ್ಟ್ ಅಂಗಡಿಯ ಸರಕು. ಕಾಫಿಪುಡಿ ಪೊಟ್ಟಣ, ಮರದ ಆನೆ, ಕೀ ಚೈನ್‌ಗಳ ನಡುವೆ ಮಿರಮಿರ ಮಿಂಚುವ ಕಂದು ಪೈಪು. ನೋಡಲು ಚೆಂದ, ಕೈಗೆ ಹಗುರ, ಬೆಲೆಯೂ ಕಡಿಮೆ. ಅದನ್ನು ಕೊಳ್ಳಬೇಡಿ. ಅದು ಶೋಕೇಸಿಗೆ ಮಾಡಿದ್ದು, ಸೇದಲು ಮಾಡಿದ್ದಲ್ಲ. ಅದೇ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಮೆಕ್ಕೆಜೋಳದ ದಿಂಡಿನ ಹೊಸ ಪೈಪು ಬರುತ್ತದೆ. ಸ್ವಲ್ಪ ಕಾಯುವ ತಾಳ್ಮೆಯಿದ್ದರೆ ಹಳೆಯ ಬ್ರಯರ್ ಮರದ ಪೈಪೂ ಸಿಗುತ್ತದೆ. ಎರಡೂ ಅದಕ್ಕಿಂತ ಎಷ್ಟೋ ಮೇಲು.

ಮೊದಲು ಭಾಗಗಳ ಹೆಸರು. ತಂಬಾಕು ತುಂಬುವುದು ಬೌಲು. ಅದರಿಂದ ಹೊರಟ ಮರದ ಕೊಳವೆ ಕತ್ತು. ಬಾಯಿಗೆ ಇಡುವ ಕಪ್ಪು ಭಾಗ ಮೂತಿ. ಮೂತಿಯ ತುದಿಯಲ್ಲಿರುವ ಸಣ್ಣ ಗೂಟ ಕತ್ತಿನೊಳಗೆ ಹೋಗಿ ಕೂರುತ್ತದೆ. ಪೈಪು ಒಳ್ಳೆಯದೋ ಕೆಟ್ಟದ್ದೋ ಎಂಬುದು ಮುಕ್ಕಾಲು ಪಾಲು ನಿರ್ಧಾರವಾಗುವುದು ಒಂದು ತೂತಿನಲ್ಲಿ: ಕತ್ತಿನಿಂದ ಬಂದ ಗಾಳಿದಾರಿ ಬೌಲಿನೊಳಗೆ ಎಲ್ಲಿ ಬಾಯಿ ಬಿಡುತ್ತದೆ ಎಂಬುದರಲ್ಲಿ. ಅದು ಬೌಲಿನ ತಳಕ್ಕೆ ಸರಿಯಾಗಿ, ನಟ್ಟನಡುವೆ ತೆರೆಯಬೇಕು. ನಾಲ್ಕೈದು ಮಿಲಿಮೀಟರ್ ಮೇಲೆ ತೆರೆದಿದ್ದರೆ ಅದರ ಕೆಳಗಿನ ತಂಬಾಕು ಎಂದೂ ಪೂರ್ತಿ ಉರಿಯುವುದಿಲ್ಲ. ಅಲ್ಲೇ ತೇವ ನಿಂತು, ಕೊನೆಯ ಕಾಲು ಭಾಗ ಗೊರಗೊರ ಎಂದು ಕಹಿ ನೀರು ಬಾಯಿಗೆ ಬರುತ್ತದೆ.

ಗಿಫ್ಟ್ ಅಂಗಡಿಯ ಪೈಪು ಸೋಲುವುದು ಇಲ್ಲೇ. ತೂತು ಮೇಲೆ, ಬೌಲಿನ ಗೋಡೆ ಮೂರು ಮಿಲಿಮೀಟರಿನಷ್ಟು ತೆಳು, ಒಳಗೆಲ್ಲ ವಾರ್ನಿಷ್. ಹಚ್ಚಿದ ತಕ್ಷಣ ಮೊದಲು ಸುಡುವುದು ವಾರ್ನಿಷ್, ಆ ಹೊಗೆ ಹೋಗುವುದು ಎದೆಯೊಳಗೆ. ಹೊರಗಿನ ದಪ್ಪ ವಾರ್ನಿಷ್ ಬಿಸಿಗೆ ಗುಳ್ಳೆ ಏಳುತ್ತದೆ.

ಆನ್‌ಲೈನಿನಲ್ಲಿ ಸಿಗುವ ಶೀಶಮ್ ಮರದ ಪೈಪುಗಳಲ್ಲಿ ಸುಮಾರಾದವೂ ಇವೆ. ಐನೂರು ರೂಪಾಯಿಯ ಆಸುಪಾಸಿನಲ್ಲಿ ಬರುವ ಇವುಗಳ ಫೋಟೊ ನೋಡಿ ತೀರ್ಮಾನ ಮಾಡಬೇಡಿ. ಬೌಲಿನೊಳಗಿನ ಫೋಟೊ ಕೇಳಿ, ಕೊಡದಿದ್ದರೆ ಬಿಡಿ. ಒಳಗೋಡೆ ಬರೀ ಮರವಾಗಿರಬೇಕು, ಬಣ್ಣ ಇರಕೂಡದು. ಗೋಡೆ ಆರು ಮಿಲಿಮೀಟರ್ ಆದರೂ ದಪ್ಪ ಇರಬೇಕು. ಬೌಲಿನೊಳಗೆ ಕಬ್ಬಿಣ ಅಥವಾ ಹಿತ್ತಾಳೆಯ ಬಟ್ಟಲು ಕೂರಿಸಿದ್ದರೆ ಬೇಡ. ಲೋಹ ಬೇಗ ಕಾಯುತ್ತದೆ, ತೇವ ಹೀರುವುದಿಲ್ಲ. ಎಲ್ಲ ಸರಿಯಿದ್ದರೂ ಶೀಶಮ್ ಬ್ರಯರ್ ಅಲ್ಲ. ಬ್ರಯರ್ ಎಂದರೆ ಮೆಡಿಟರೇನಿಯನ್ ಸುತ್ತಲ ನಾಡುಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದ ಗಂಟು. ಬಿಸಿಗೆ ಸುಲಭಕ್ಕೆ ಹೊತ್ತದ, ತೇವ ಹೀರಿ ಬಿಡುವ ಗುಣ ಆ ಗಂಟಿಗಿದೆ. 1850ರ ದಶಕದಿಂದ ಫ್ರಾನ್ಸಿನ ಸೇಂಟ್ ಕ್ಲೋಡ್ ಊರು ಬೆಳೆದದ್ದೇ ಇದರ ಪೈಪು ಮಾಡಿ.

ಹೊಸದನ್ನೇ ಕೊಳ್ಳುವವರಿಗೆ ನನ್ನ ಮೊದಲ ಸಲಹೆ ಜೋಳದ ದಿಂಡಿನ ಪೈಪು. ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನ ಮಿಸೌರಿ ಮೀರ್‌ಶಾಮ್ ಕಂಪನಿ 1869ರಿಂದ ಇದನ್ನು ಮಾಡುತ್ತಿದೆ. ಅಲ್ಲಿ ಸಾಧಾರಣ ಮಾದರಿಗಳ ಬೆಲೆ 10ರಿಂದ 15 ಡಾಲರ್. ಇಲ್ಲಿಗೆ ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ, ಹಾಗಾಗಿ ಒಂದನ್ನೇ ತರಿಸುವ ಬದಲು ಇಬ್ಬರು ಮೂವರು ಸೇರಿ ತರಿಸುವುದು ಲಾಭ. ಹಾಸನ ಜಿಲ್ಲೆಯ ಹೊಲಗಳಲ್ಲಿ ಮೆಕ್ಕೆಜೋಳಕ್ಕೇನೂ ಬರವಿಲ್ಲ, ಇಲ್ಲೇ ಒಂದು ದಿಂಡು ಕೊರೆದು ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅಲ್ಲಿ ಪೈಪಿಗೆಂದೇ ದಪ್ಪ, ಗಟ್ಟಿ ದಿಂಡಿನ ತಳಿ ಬೆಳೆದು, ಸುಮಾರು ಎರಡು ವರ್ಷ ಒಣಗಿಸಿ, ಹೊರಮೈಗೆ ಪ್ಲಾಸ್ಟರ್ ಮೆತ್ತಿ ತಿಕ್ಕುತ್ತಾರೆ. ನಮ್ಮ ಕೋಳಿ ಆಹಾರದ ಜೋಳದ ದಿಂಡು ಸಣ್ಣ, ಒಳಗೆ ಬೆಂಡು, ಎರಡೇ ಸಲಕ್ಕೆ ತೂತು ಬೀಳುತ್ತದೆ.

ದಿಂಡಿನ ಪೈಪು ಮೊದಲ ದಿನವೇ ತಣ್ಣಗೆ ಸೇದುತ್ತದೆ, ಬ್ರಯರಿನ ಹಾಗೆ ಪಳಗಿಸುವ ಕೆಲಸವಿಲ್ಲ. ಕೊರತೆಗಳೂ ಇವೆ. ಕತ್ತಿನ ಮರದ ತುದಿ ಬೌಲಿನೊಳಗೆ ಸ್ವಲ್ಪ ಚಾಚಿಕೊಂಡಿರುತ್ತದೆ, ಮೊದಲ ಕೆಲವು ಸಲ ಅದು ಸುಟ್ಟು ಒಗರು ವಾಸನೆ ಕೊಡುತ್ತದೆ. ತಂಬಾಕಿನ ಬೂದಿಗೆ ಎರಡು ಹನಿ ನೀರು ಹಾಕಿ ಕಲಸಿ, ಆ ತುದಿಯ ಮಟ್ಟಕ್ಕೆ ಬರುವಂತೆ ತಳಕ್ಕೆ ಮೆತ್ತಿ ಒಂದು ದಿನ ಒಣಗಿಸಿದರೆ ತೊಂದರೆ ತೀರುತ್ತದೆ. ಮೆತ್ತುವಾಗ ಗಾಳಿದಾರಿಯಲ್ಲಿ ಪೈಪ್ ಕ್ಲೀನರ್ (ಹತ್ತಿ ನಾರು ಸುತ್ತಿದ, ಬಾಗುವ ತೆಳು ತಂತಿ) ಇಟ್ಟಿರಿ, ಇಲ್ಲವಾದರೆ ತೂತೇ ಮುಚ್ಚಿಹೋಗುತ್ತದೆ. ಒಳಗೆ ಬರುವ 6 ಮಿಲಿಮೀಟರಿನ ಕಾಗದದ ಫಿಲ್ಟರ್ ಒದ್ದೆಯಾದ ಕೂಡಲೇ ಬದಲಿಸಬೇಕು, ಅಥವಾ ತೆಗೆದೇ ಸೇದಬಹುದು. ಈ ಪೈಪಿಗೆ ಸ್ಪಿರಿಟ್ ಸುರಿದು ತೊಳೆಯಬೇಡಿ, ದಿಂಡು ಹೀರಿಕೊಂಡು ಅಂಟು ಬಿಡುತ್ತದೆ. ಎರಡನ್ನು ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸಿದರೆ ವರ್ಷಗಟ್ಟಲೆ ಬಾಳುತ್ತವೆ.

ಫಾಲ್ಕನ್ ಎಂಬ ಅಲ್ಯೂಮಿನಿಯಂ ಕತ್ತಿನ ಪೈಪೂ ಹಳೆಯ ಸಾಮಾನಿನಲ್ಲಿ ಆಗಾಗ ಕಾಣುತ್ತದೆ. ಬೌಲು ತಿರುಪಿ ಬಿಚ್ಚಬಹುದು, ಬೇರೆ ಬೌಲು ಹಾಕಬಹುದು, ತೇವವೆಲ್ಲ ಕೆಳಗಿನ ಲೋಹದ ತಟ್ಟೆಯಲ್ಲಿ ನಿಲ್ಲುತ್ತದೆ. ತಿರುಪಿನ ಎಳೆ ಸವೆದಿಲ್ಲದಿದ್ದರೆ ಧೈರ್ಯವಾಗಿ ಕೊಳ್ಳಿ.

ಇನ್ನು ಹಳೆಯ ಬ್ರಯರ್. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಿಗೆ ಬ್ರಿಟಿಷ್ ಪ್ಲಾಂಟರ್‌ಗಳ ಕಾಲದಿಂದ ಪೈಪು ಬಂದಿದೆ. ಬಂಗಲೆ ರಿಪೇರಿ ಮಾಡುವಾಗ, ಮನೆ ಪಾಲಾಗುವಾಗ ಹಳೆಯ ಮೇಜಿನ ಡ್ರಾಯರಿನಿಂದ ಇವು ಹೊರಬಂದು, ಹಿತ್ತಾಳೆ ದೀಪ, ಗ್ರಾಮಫೋನಿನ ಜೊತೆ ಗುಜರಿಗೋ ಹಳೇ ಸಾಮಾನಿನವರಿಗೋ ಸೇರುತ್ತವೆ. ಮಾರುವವರಿಗೆ ಅದು ಸಾಮಾನ್ಯವಾಗಿ ‘ಹಳೇ ಚಿಲುಮೆ’, ಅಷ್ಟೆ. ಹಾಸನದ ಸಂತೆಪೇಟೆ ಕಡೆಯ ಗುಜರಿ ಅಂಗಡಿಗಳಲ್ಲೂ ಹೇಳಿಟ್ಟರೆ ಬಂದಾಗ ತೆಗೆದಿಡುತ್ತಾರೆ. ಬೆಂಗಳೂರಿಗೆ ಹೋದವರು ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರನ್ನು ಬೆಳಗ್ಗೆ ಬೇಗ ನೋಡಬಹುದು.

ಹೋಗುವಾಗ ಜೇಬಿನಲ್ಲಿ ನಾಲ್ಕು ಸಾಮಾನಿರಲಿ: ಸಣ್ಣ ಟಾರ್ಚು, ಎರಡು ಪೈಪ್ ಕ್ಲೀನರ್, ಸ್ಪಿರಿಟ್ ತಾಗಿಸಿದ ಹತ್ತಿ, ಒಂದು ಬಿಳಿ ಬಟ್ಟೆ.

‘ಅಣ್ಣ, ಇದರ ಮೂತಿ ಒಂದ್ಸಲ ಬಿಚ್ಚಿ ನೋಡ್ಲಾ?’ ಎಂದು ಕೇಳಿಯೇ ಬಿಚ್ಚಿ. ಕತ್ತನ್ನು ಮುಷ್ಟಿಯಲ್ಲಿ ಹಿಡಿದು, ಮೂತಿಯನ್ನು ಬಲಕ್ಕೆ ನಿಧಾನವಾಗಿ ತಿರುಗಿಸುತ್ತ ಎಳೆಯಬೇಕು. ಬೌಲು ಹಿಡಿದು ತಿರುಗಿಸಿದರೆ ಕತ್ತು ಮುರಿಯುತ್ತದೆ. ಅಲ್ಲಾಡದಿದ್ದರೆ ಒತ್ತಾಯ ಬೇಡ. ಬೆಲೆ ಕಡಿಮೆಯಿದ್ದರೆ ಹಾಗೇ ತಂದು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಗೂಟ ಕುಗ್ಗಿ ಸಾಮಾನ್ಯವಾಗಿ ಬಿಡುತ್ತದೆ.

ಬಿಚ್ಚಿದ ಮೇಲೆ ನೋಡಬೇಕಾದ್ದು ಕತ್ತಿನ ಬಾಯಿ. ಸೀಳು ಬರುವುದು ಹೆಚ್ಚಾಗಿ ಇಲ್ಲೇ, ಗೂಟ ಒಳಗಿಂದ ಒತ್ತುವ ಜಾಗದಲ್ಲಿ. ಕೂದಲೆಳೆಯ ಸೀಳು ಧೂಳು, ಎಣ್ಣೆಯಲ್ಲಿ ಮುಚ್ಚಿಹೋಗಿ ಕಾಣುವುದಿಲ್ಲ. ಸ್ಪಿರಿಟ್ ತಾಗಿಸಿದ ಹತ್ತಿಯನ್ನು ಸುತ್ತಲೂ ಒಮ್ಮೆ ಸವರಿ, ಐದಾರು ಸೆಕೆಂಡು ಸುಮ್ಮನೆ ನೋಡುತ್ತಿರಿ. ಮೇಲ್ಮೈ ಪಟ್ಟನೆ ಒಣಗಿ ಬಣ್ಣ ತಿಳಿಯಾಗುತ್ತದೆ. ಸೀಳಿದ್ದರೆ ಅದರೊಳಗಿನ ಸ್ಪಿರಿಟ್ ಮಾತ್ರ ಆರದೆ, ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ ಉಳಿಯುತ್ತದೆ. ಗೆರೆ ಕಂಡರೆ ಇನ್ನೂರು ರೂಪಾಯಿಗಿಂತ ಹೆಚ್ಚು ಕೊಡಬೇಡಿ. ಹಿತ್ತಾಳೆ ಉಂಗುರ ಹಾಕಿಸಿ ಉಳಿಸಬಹುದು, ಆದರೆ ಅದಕ್ಕೆ ಕೈ ಪಳಗಿದ ಅಕ್ಕಸಾಲಿಗ ಬೇಕು.

ಆಮೇಲೆ ಬೌಲಿನೊಳಗೆ ಟಾರ್ಚು ಬಿಡಿ. ಒಳಗೋಡೆಗೆ ಕರಿ ಕಟ್ಟಿದ್ದರೆ ಹೆದರಬೇಡಿ, ವರ್ಷಗಟ್ಟಲೆ ಸೇದಿದ ಪೈಪಿನಲ್ಲಿ ಅದು ಇರಲೇಬೇಕು. ಹೆದರಬೇಕಾದ್ದು ಗೋಡೆಯಲ್ಲಿ ಒಂದೇ ಕಡೆ ಗುಳಿ ಬಿದ್ದಿದ್ದರೆ, ಮತ್ತು ಹೊರಗಿನಿಂದ ಅದೇ ಜಾಗ ಕಪ್ಪು ತಿರುಗಿದ್ದರೆ. ಮರ ಒಳಗಿನಿಂದ ಹೊತ್ತಿದೆ ಎಂದರ್ಥ, ಅದು ವಾಸಿಯಾಗದ ರೋಗ. ಬೌಲಿನ ಅಂಚು ಸುಟ್ಟಿದ್ದರೆ ಚಿಂತೆಯಿಲ್ಲ, ಮರಳುಕಾಗದದಲ್ಲಿ ಹೋಗುತ್ತದೆ. ಕೊನೆಗೆ ಮೂತಿ ಹಾಕಿ ಪೈಪ್ ಕ್ಲೀನರ್ ತೂರಿಸಿ. ಎಲ್ಲೂ ತಡೆಯದೆ ಬೌಲಿನ ತಳದಲ್ಲಿ ತಲೆ ಹಾಕಿದರೆ ಪೈಪು ಗೆದ್ದಿತು. ತುಂಬ ಬಾಗಿದ ಪೈಪಿನಲ್ಲಿ ಸ್ವಲ್ಪ ತಡೆದರೆ ಒಪ್ಪಿಕೊಳ್ಳಬಹುದು.

ಹೆಸರಿನ ವಿಚಾರ. ಕತ್ತಿನ ಮೇಲಿನ ಅಚ್ಚನ್ನು ಟಾರ್ಚನ್ನು ಓರೆಯಾಗಿ ಹಿಡಿದು ಓದಿ. 1850ರಲ್ಲಿ ಪ್ಯಾರಿಸಿನಲ್ಲಿ ಶುರುವಾದ ಜಿ.ಬಿ.ಡಿ., ಲಂಡನ್ನಿನ ಬಿ.ಬಿ.ಬಿ., ಡಬ್ಲಿನ್‌ನ ಪೀಟರ್‌ಸನ್, ಡನ್‌ಹಿಲ್‌ನ ಅಂಗಸಂಸ್ಥೆಯಾಗಿದ್ದ ಪಾರ್ಕರ್, ಇವೆಲ್ಲ ಒಳ್ಳೆಯ ಕೆಲಸ. ಪೀಟರ್‌ಸನ್‌ನ ‘ಸಿಸ್ಟಂ’ ಪೈಪಿನ ಕತ್ತಿನಲ್ಲಿ ತೇವ ನಿಲ್ಲಲು ಒಂದು ಗುಂಡಿಯಿದೆ, ನಮ್ಮ ಮಳೆಗಾಲದ ಒದ್ದೆ ತಂಬಾಕಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮೂತಿಯ ಮೇಲಿನ ಬಿಳಿ ಚುಕ್ಕೆ ದುಬಾರಿ ಡನ್‌ಹಿಲ್ ಪೈಪಿನ ಗುರುತು, ಆದರೆ ಅದು ಕಂಡ ಕೂಡಲೇ ದುಡ್ಡು ಎಣಿಸಬೇಡಿ. ಚುಕ್ಕೆ ಇಟ್ಟವರು ಬೇರೆಯವರೂ ಇದ್ದಾರೆ, ಅಚ್ಚು ಹೊಂದಬೇಕು. ಹೆಸರಿಲ್ಲದ, ಬರೀ ‘ಬ್ರುಯೆರ್’ (ಬ್ರಯರಿನ ಫ್ರೆಂಚ್ ಹೆಸರು) ಎಂದು ಅಚ್ಚಿರುವ ಪೈಪಿಗೆ ಸೀಳಿಲ್ಲದಿದ್ದರೆ ಐನೂರರಿಂದ ಎಂಟುನೂರು ಕೊಡಬಹುದು, ಮೇಲಿನ ಹೆಸರುಗಳಿಗೆ ಎರಡು ಸಾವಿರದವರೆಗೆ. ನನ್ನ ಕೈಗೆ ಆಯ್ಕೆ ಬಿಟ್ಟರೆ ತೂತು ಸರಿಯಿರುವ ಹೆಸರಿಲ್ಲದ್ದನ್ನೇ ಎತ್ತಿಕೊಳ್ಳುತ್ತೇನೆ.

ಮನೆಗೆ ತಂದ ಮೇಲೆ ಒಂದು ವಾರದ ಕೆಲಸವಿದೆ. ಚೂರಿಯಿಂದ ಕರಿ ಕೆರೆಯಬೇಡಿ, ತುದಿ ಮರಕ್ಕೆ ಇಳಿಯುತ್ತದೆ. ಬೆರಳು ದಪ್ಪದ ಕೋಲಿಗೆ 80 ನಂಬರಿನ ಮರಳುಕಾಗದ ಸುತ್ತಿ ತಿರುಗಿಸುತ್ತ, ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಕರಿ ಉಳಿಸಿ. ಅದಕ್ಕಿಂತ ದಪ್ಪವಾದರೆ ಬಿಸಿಗೆ ಮರಕ್ಕಿಂತ ಹೆಚ್ಚು ಹಿಗ್ಗಿ ಬೌಲನ್ನೇ ಸೀಳುತ್ತದೆ. ತೊಳೆಯಲು ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಕೊಳ್ಳಿ. ಬಡಗಿಗಳು ಪಾಲಿಶಿಗೆ ಬಳಸುವ ಸ್ಪಿರಿಟ್‌ನಲ್ಲಿ ಮೆಥನಾಲ್ ಇರುತ್ತದೆ, ಬಾಯಿಗೆ ಹೋಗುವ ಸಾಮಾನಿಗೆ ಅದು ಕೂಡದು. ಬೌಲಿಗೆ ಹತ್ತಿ ತುಂಬಿ, ಹನಿ ಹನಿಯಾಗಿ ಐದಾರು ಮಿಲಿಲೀಟರ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಹತ್ತಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಹತ್ತಿಯ ಬದಲು ಕಲ್ಲುಪ್ಪು ಹಾಕುವವರಿದ್ದಾರೆ, ಮಲೆನಾಡಿನಲ್ಲಿ ಅದು ಬೇಡ: ಮರಕ್ಕಿಳಿದ ಉಪ್ಪು ಜುಲೈ ಬಂದರೆ ನೀರೆಳೆಯುತ್ತದೆ. ಕತ್ತಿನೊಳಗೆ ಅದೇ ಐಸೊಪ್ರೊಪೈಲ್ ತಾಗಿಸಿದ ಕ್ಲೀನರನ್ನು ಅದು ಬೆಳ್ಳಗೆ ಹೊರಬರುವವರೆಗೂ ಓಡಿಸಿ, ಹದಿನೈದು ಇಪ್ಪತ್ತು ಖರ್ಚಾಗಬಹುದು. ಮಕ್ಕಳ ಕ್ರಾಫ್ಟಿಗೆ ಸಿಗುವ ಬಣ್ಣದ ತಂತಿಗಳು ಇದಕ್ಕೆ ಆಗವು, ಆ ನಾರು ಏನನ್ನೂ ಹೀರುವುದಿಲ್ಲ. ಬೇಸಿಗೆಯಲ್ಲಿ ಮೂರು ದಿನ, ಮಳೆಗಾಲದಲ್ಲಿ ಪೂರ್ತಿ ಒಂದು ವಾರ ಒಣಗಲು ಬಿಡಿ.

ಹಳೆಯ ಮೂತಿಗಳು ವಲ್ಕನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಬಿಸಿಲು, ತೇವಕ್ಕೆ ಪಾಚಿ ಬಣ್ಣಕ್ಕೆ ತಿರುಗಿ ಕೆಟ್ಟ ರುಚಿ ಬಿಡುತ್ತದೆ. ನೀರು ತಾಗಿಸಿದ ಎಮರಿ ಕಾಗದ 400, 600, 1000, 2000 ಹೀಗೆ ಸಾಲಾಗಿ ಬಳಸಿ, ಕೊನೆಗೆ ಬಿಳಿ ಟೂತ್‌ಪೇಸ್ಟಿನಲ್ಲಿ ತಿಕ್ಕಿದರೆ ಕಪ್ಪು ಮರಳುತ್ತದೆ. ಕತ್ತಿಗೆ ಕೂಡುವ ಅಂಚನ್ನು ಮಾತ್ರ ತಿಕ್ಕಬೇಡಿ, ಅಲ್ಲಿ ಉರುಟಾದರೆ ಸಂದು ಎದ್ದು ಕಾಣುತ್ತದೆ. ಹಲ್ಲಿನ ಗುರುತಿದ್ದರೆ ಗಾಳಿದಾರಿಯಲ್ಲಿ ಕ್ಲೀನರ್ ಇಟ್ಟು ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ವಲ್ಕನೈಟ್ ತನ್ನ ಹಳೆಯ ಆಕಾರಕ್ಕೆ ಉಬ್ಬಿ ಬರುತ್ತದೆ. ಹೊಸ ಅಕ್ರಿಲಿಕ್ ಮೂತಿಗೆ ಈ ಗುಣವಿಲ್ಲ, ಆದರೆ ಅದು ಹಸಿರಾಗುವುದೂ ಇಲ್ಲ. ಗೂಟ ಸಡಿಲವಿದ್ದರೆ ಜೇನುಮೇಣ ಸವರಿ, ಬಿಗಿಯಿದ್ದರೆ ಪೆನ್ಸಿಲ್ ಸೀಸ ಉಜ್ಜಿ.

ತಂಬಾಕು ಪೈಪಿನಲ್ಲಿ ಸೇದಿದರೂ ತಂಬಾಕೇ, ಬಾಯಿ ಗಂಟಲಿನ ಕ್ಯಾನ್ಸರಿಗೆ ಅದೂ ಕಾರಣ. ಸೇದದವರು ಇದನ್ನು ಓದಿ ಶುರು ಮಾಡಬೇಡಿ. ಕರ್ನಾಟಕದಲ್ಲಿ ಈಗ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ 1000 ರೂಪಾಯಿವರೆಗೆ ದಂಡವಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ, ಅಲ್ಲಿಂದ ಎಲೆ ತಂದು ಹೆಚ್ಚಿ ತುಂಬಿದರಾಯಿತು ಎಂಬ ಮಾತು ಆಗಾಗ ಕೇಳುತ್ತದೆ. ಬ್ಯಾರನ್‌ನಿಂದ, ಅಂದರೆ ಎಲೆಯನ್ನು ಬಿಸಿಗೆ ಒಣಗಿಸುವ ಮನೆಯಿಂದ, ಇಳಿದ ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಅಂಶ ಹೆಚ್ಚು, ಜೋರಾಗಿ ಉರಿದು ನಾಲಿಗೆ ಸುಡುತ್ತದೆ, ತೆಳು ಗೋಡೆಯ ಪೈಪನ್ನೂ ಸುಡುತ್ತದೆ. ಪೈಪಿನ ತಂಬಾಕು ಹದ ಮಾಡಿ, ಮಾಗಿಸಿ ಬರುವ ಬೇರೆಯೇ ಸರಕು. ಬೆಳೆಗಾರರೂ ಎಲೆಯನ್ನು ಆ ಹರಾಜಿನಲ್ಲೇ ಮಾರಬೇಕು, ಚಿಲ್ಲರೆಗೆ ಕೊಡುವಂತಿಲ್ಲ.

ಹೊಸ ಬ್ರಯರ್ ಆಗಲಿ, ಕರಿ ಪೂರ್ತಿ ತೆಗೆದ ಹಳೆಯದಾಗಲಿ, ಮೊದಲ ನಾಲ್ಕೈದು ಸಲ ಬೌಲಿನ ಮೂರನೇ ಒಂದು ಭಾಗಕ್ಕೆ ಮಾತ್ರ ತುಂಬಿ ತಳದವರೆಗೂ ನಿಧಾನ ಸೇದಿ. ಬಿಸಿಯಿರುವಾಗ ಮೂತಿ ಬಿಚ್ಚಿದರೆ ಗೂಟ ಮುರಿಯುತ್ತದೆ, ತಣ್ಣಗಾಗುವವರೆಗೆ ಕಾಯಿರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪೈಪನ್ನು ಪ್ಲಾಸ್ಟಿಕ್ ಕವರಿನಲ್ಲೋ ಮುಚ್ಚಿದ ಬೀರುವಿನಲ್ಲೋ ಇಡಬೇಡಿ, ಹತ್ತೇ ದಿನಕ್ಕೆ ಕತ್ತಿನೊಳಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಸೇದಿದ ಮೇಲೆ ಒಂದು ಒಣ ಕ್ಲೀನರನ್ನು ಗಾಳಿದಾರಿಯಲ್ಲೇ ಬಿಟ್ಟು, ಗಾಳಿಯಾಡುವ ಕಡೆ ಬೌಲು ಕೆಳಗೆ, ಮೂತಿ ಮೇಲೆ ಮಾಡಿ ನಿಲ್ಲಿಸಿ, ಮಾರನೇ ದಿನ ಕ್ಲೀನರ್ ತೆಗೆಯಿರಿ.