ಬೆಳಗಾವಿಯಿಂದ ಪುಣೆಗೆ ಇಂಜಿನಿಯರಿಂಗ್ ಓದಲು ಹೊರಟವರಿಗೆ: ವಿಂಡೋಸ್ ಲ್ಯಾಪ್‌ಟಾಪೋ, ಮ್ಯಾಕ್‌ಬುಕ್ಕೋ?

ಮೆಕ್ಯಾನಿಕಲ್, ಸಿವಿಲ್ ಸೇರುವವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ವಿಂಡೋಸೇ ಸರಿ. ಯಂತ್ರಭಾಗಗಳ ವಿನ್ಯಾಸಕ್ಕೆ ಬಳಸುವ ಸಾಲಿಡ್‌ವರ್ಕ್ಸ್, ಕಟ್ಟಡಗಳ ವಿನ್ಯಾಸದ ರೆವಿಟ್ ಎರಡೂ ಸಾಫ್ಟ್‌ವೇರ್ ಮ್ಯಾಕ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ನಕ್ಷೆ ಬಿಡಿಸುವ ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದ್ದರೂ ಸೌಲಭ್ಯ ಕಡಿಮೆ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲಿ. ತೊಂದರೆ ತೂಕದ್ದು. ಗ್ರಾಫಿಕ್ಸ್ ಕಾರ್ಡ್ ಇರುವುದು ಹೆಚ್ಚಾಗಿ ಗೇಮಿಂಗ್ ಲ್ಯಾಪ್‌ಟಾಪೇ, ಸಾಮಾನ್ಯವಾಗಿ 2 ಕಿಲೋ ದಾಟುತ್ತದೆ, ಚಾರ್ಜರ್ ಬೇರೆ ಇಟ್ಟಿಗೆಯಂತೆ. ಸಂಜೆ ಸ್ವಾರಗೇಟ್ ಬಸ್ಸಿನಲ್ಲಿ ನಿಂತೇ ಹೋಗುವಾಗ ಹೆಗಲಿಗೆ ಗೊತ್ತಾಗುತ್ತದೆ. ಬ್ಯಾಟರಿಯೂ ಬೇಗ ಇಳಿಯುತ್ತದೆ.

ಕಂಪ್ಯೂಟರ್ ಸೈನ್ಸ್‌ನವರಿಗೆ, ಮನೆಯವರು ದುಡ್ಡು ಕೊಟ್ಟರೆ, ನನ್ನ ಓಟು 13 ಇಂಚಿನ ಮ್ಯಾಕ್‌ಬುಕ್ ಏರ್‌ಗೆ: ಸುಮಾರು ಒಂದೂಕಾಲು ಕಿಲೋ, ಒಳಗೆ ಫ್ಯಾನೇ ಇಲ್ಲ, ದಿನದ ತರಗತಿಗಳಿಗೆ ಒಂದೇ ಚಾರ್ಜ್ ಸಾಕು. ಆದರೆ ಆಮೇಲೆ ರ‍್ಯಾಮ್ ಹೆಚ್ಚಿಸಲಾಗದು. ಹಳೆಯ 8 ಜಿಬಿಯದು ಅಗ್ಗಕ್ಕೆ ಸಿಕ್ಕರೂ ಬಿಡಿ.

ಬ್ರಾಂಚ್ ಇನ್ನೂ ಖಚಿತವಿಲ್ಲವೇ? ಬೆಳಗಾವಿಯಲ್ಲೇ ಕೊಂಡು ಹೊರಡುವ ಆತುರ ಬೇಡ, ಸೀಟು ಸಿಗಲಿ.